ಎಲೆಕ್ಟ್ರಿಕ್ ಕಾರು ಕೊಳ್ಳುವ ಮುಂಚೆ ಪಾರ್ಕಿಂಗ್ ನೋಡಿ

ಎಲೆಕ್ಟ್ರಿಕ್ ಕಾರು ಅಂದ ಕೂಡಲೇ ಎಲ್ಲರ ಬಾಯಲ್ಲೂ ಮೊದಲು ಬರುವುದು ಒಂದೇ ಪ್ರಶ್ನೆ: "ಒಂದು ಚಾರ್ಜ್‌ಗೆ ಎಷ್ಟು ಕಿಲೋಮೀಟರ್ ಓಡುತ್ತೆ?" ಶೋರೂಮಿನಲ್ಲೂ ಇದೇ, ಮದುವೆ ಊಟದ ಪಂಕ್ತಿಯಲ್ಲೂ ಇದೇ. ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು ಬೇರೆ ಇದೆ. ನಿಮ್ಮ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ಅಲ್ಲಿ ಒಂದು 15 ಆಂಪಿಯರ್ ಪ್ಲಗ್ ಇದೆಯಾ? ಇದ್ದರೆ ಕಾರಿನ ಮಾತು ಮುಂದುವರಿಸಬಹುದು. ಇಲ್ಲದಿದ್ದರೆ ಎಷ್ಟೇ ದೊಡ್ಡ ಬ್ಯಾಟರಿಯ ಕಾರು ತಂದರೂ ದಿನಾ ತಲೆನೋವು ತಪ್ಪುವುದಿಲ್ಲ.

ಈ ವಿಷಯದಲ್ಲಿ ಕರ್ನಾಟಕ ಹೊಸಬನಲ್ಲ. ಬೆಂಗಳೂರಿನಲ್ಲೇ ತಯಾರಾದ ಪುಟ್ಟ ರೇವಾ ಕಾರು ರಸ್ತೆಗೆ ಬಂದದ್ದು 2001ರಲ್ಲಿ. 2017ರಲ್ಲಿ ದೇಶದಲ್ಲೇ ಮೊದಲು ಇವಿ, ಅಂದರೆ ಎಲೆಕ್ಟ್ರಿಕ್ ವಾಹನ, ನೀತಿ ತಂದ ರಾಜ್ಯವೂ ನಮ್ಮದೇ. 2024ರ ಕೊನೆಯ ಹೊತ್ತಿಗೆ ಇಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳಿದ್ದವು. ಬೇರೆ ಯಾವ ರಾಜ್ಯದಲ್ಲೂ ಅಷ್ಟಿರಲಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲೇ ಇವೆ. ಇನ್ನೊಂದು ವಿಷಯ, ಈ ಲೆಕ್ಕವೆಲ್ಲ ರಸ್ತೆ ಬದಿಯ, ಮಾಲ್‌ನ, ಪೆಟ್ರೋಲ್ ಬಂಕ್‌ನ ಚಾರ್ಜರ್‌ಗಳದ್ದು. ಮನೆಯ ಪಾರ್ಕಿಂಗ್‌ನಲ್ಲಿ ಪ್ಲಗ್ ಎಷ್ಟು ಜನರಿಗಿದೆ ಅನ್ನುವುದು ಸುದ್ದಿಯಾಗುವುದೇ ಇಲ್ಲ. ದಿನನಿತ್ಯ ಕಾರು ಓಡುವುದು ಮಾತ್ರ ಆ ಪ್ಲಗ್‌ನಿಂದ.

ದುಡ್ಡಿನ ಲೆಕ್ಕ ನೋಡೋಣ. ಸಣ್ಣ ಎಸ್‌ಯುವಿ ಗಾತ್ರದ ಎಲೆಕ್ಟ್ರಿಕ್ ಕಾರು ಊರೊಳಗೆ 100 ಕಿಲೋಮೀಟರ್‌ಗೆ ಸುಮಾರು 13 ಯೂನಿಟ್ ತಿನ್ನುತ್ತದೆ. ಚಾರ್ಜ್ ಆಗುವಾಗ ಶೇಕಡಾ 10ರಿಂದ 15ರಷ್ಟು ಕರೆಂಟು ಬಿಸಿಯಾಗಿ ಪೋಲಾಗುತ್ತದೆ. ಹಾಗಾಗಿ ಮೀಟರಿನಲ್ಲಿ 15 ಯೂನಿಟ್ ಎಂದು ಹಿಡಿಯಿರಿ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ 150 ಯೂನಿಟ್. ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಅಂದರೂ 1,050 ರೂಪಾಯಿ ಆಯಿತು. ಅದೇ ಗಾತ್ರದ ಪೆಟ್ರೋಲ್ ಕಾರು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಲೀಟರ್‌ಗೆ 13 ಕೊಟ್ಟರೆ ದೊಡ್ಡದು. ಲೀಟರ್‌ಗೆ 103 ರೂಪಾಯಿ ಎಂದು ಹಿಡಿದರೆ ಅಷ್ಟೇ ಓಡಾಟಕ್ಕೆ ಸುಮಾರು 7,900 ರೂಪಾಯಿ. ವರ್ಷಕ್ಕೆ ಹೆಚ್ಚುಕಡಿಮೆ 82,000 ರೂಪಾಯಿ ಉಳಿತಾಯ.

ಈಗ ಮನೆಯಲ್ಲಿ ಪ್ಲಗ್ ಇಲ್ಲದವರ ಲೆಕ್ಕ. ಅವರು ಹೋಗಬೇಕಾದದ್ದು ಫಾಸ್ಟ್ ಚಾರ್ಜರ್‌ಗೆ. ಅಲ್ಲಿ ಯೂನಿಟ್‌ಗೆ 20 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಅಂದರೆ 23 ರೂಪಾಯಿ 60 ಪೈಸೆ. ಕಾರು ತಗೊಳ್ಳುವಾಗ ಜಿಎಸ್‌ಟಿ ಬರೀ ಶೇಕಡಾ 5, ಚಾರ್ಜ್ ಮಾಡುವಾಗ 18. ಇದು ನನಗೆ ಯಾವತ್ತೂ ಅರ್ಥವಾಗಿಲ್ಲ. 150 ಯೂನಿಟ್‌ಗೆ ತಿಂಗಳಿಗೆ ಸುಮಾರು 3,500 ರೂಪಾಯಿ ಅಲ್ಲಿಗೇ ಹೋಯಿತು. ಪೆಟ್ರೋಲ್‌ಗಿಂತ ಕಡಿಮೆಯೇ, ಒಪ್ಪೋಣ. ಆದರೆ ಎಲೆಕ್ಟ್ರಿಕ್ ಕಾರಿಗೆ ಮೊದಲೇ ನಾಲ್ಕು ಲಕ್ಷ ಜಾಸ್ತಿ ಕೊಟ್ಟಿದ್ದೀರಿ ಎಂದುಕೊಳ್ಳಿ. ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಅದು ಐದು ವರ್ಷದಲ್ಲಿ ವಾಪಸ್ ಬರುತ್ತದೆ. ಹೊರಗೆ ಮಾಡುವವರಿಗೆ ಏಳು ವರ್ಷ ದಾಟುತ್ತದೆ. ತಿಂಗಳಿಗೆ 500 ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಮನೆಯಲ್ಲೇ ಪ್ಲಗ್ ಇದ್ದರೂ ಹತ್ತು ವರ್ಷ ಬೇಕು. ವಾರಕ್ಕೊಮ್ಮೆ ದೇವಸ್ಥಾನ, ತರಕಾರಿ ಅಂತ ಮಾತ್ರ ಕಾರು ತೆಗೆಯುವವರು ದುಡ್ಡು ಉಳಿಸಲು ಎಲೆಕ್ಟ್ರಿಕ್ ತಗೊಳ್ಳಬೇಕಿಲ್ಲ.

ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಬಂದಿದೆ. 2024ರಲ್ಲಿ ಎಂಜಿ ವಿಂಡ್ಸರ್ ಬಂದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರ್‌ಗೆ 3.50 ರೂಪಾಯಿ ಎಂದು ಬೆಲೆ ಇಟ್ಟಿದ್ದರು. ಅದಕ್ಕೆ ಕರೆಂಟಿನ ಒಂದು ರೂಪಾಯಿ ಸೇರಿಸಿದರೆ ಕಿಲೋಮೀಟರ್‌ಗೆ ನಾಲ್ಕೂವರೆ. ಪೆಟ್ರೋಲಿಗೆ ಎಂಟು. ಕೈಯಲ್ಲಿ ದೊಡ್ಡ ಗಂಟು ಇಲ್ಲದವರಿಗೆ ಒಳ್ಳೆಯ ದಾರಿಯೇ. ಆದರೆ ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರ್‌ಗೆ ದುಡ್ಡು ಕಟ್ಟಲೇಬೇಕು ಎಂಬ ಷರತ್ತು ಇದೆಯಾ ಅಂತ ಸಹಿ ಹಾಕುವ ಮುಂಚೆ ಓದಿ.

ಶೋರೂಮಿನವರು ಹೇಳದ ಇನ್ನೊಂದು ಲೆಕ್ಕ ನಮ್ಮ ರಾಜ್ಯಕ್ಕೇ ಸೇರಿದ್ದು. ಅದು ಗೃಹಜ್ಯೋತಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಮೈಸೂರಿನಲ್ಲೋ ದಾವಣಗೆರೆಯಲ್ಲೋ ಸ್ವಂತ ಮನೆಯಲ್ಲಿರುವ, ತಿಂಗಳಿಗೆ 90 ಯೂನಿಟ್ ಬಳಸುವ ಒಂದು ಸಂಸಾರ ತಗೊಳ್ಳಿ. ಇವತ್ತು ಅವರ ಬಿಲ್ ಸೊನ್ನೆ. ಕಾರು ಬಂದ ಮೇಲೆ 90ಕ್ಕೆ 150 ಸೇರಿ 240 ಆಗುತ್ತದೆ. ಈಗ 240ಕ್ಕೂ ದುಡ್ಡು ಕಟ್ಟಬೇಕು, 1,680 ರೂಪಾಯಿ. ಫಿಕ್ಸೆಡ್ ಚಾರ್ಜ್ ಬೇರೆ. ಇಷ್ಟಕ್ಕೂ ಕಾರಣ ಕಾರು ತಾನೇ? ಹಾಗಾದರೆ ಕಾರಿನ ಕರೆಂಟು ಯೂನಿಟ್‌ಗೆ 7 ರೂಪಾಯಿ ಬೀಳಲಿಲ್ಲ, 11 ರೂಪಾಯಿ ದಾಟಿತು. ಪೆಟ್ರೋಲಿನ ಮುಂದೆ ಇದೂ ಕಡಿಮೆಯೇ. ಆದರೆ ಮೊದಲ ತಿಂಗಳ ಬಿಲ್ ನೋಡಿ ಗಾಬರಿಯಾಗುವ ಬದಲು ಮೊದಲೇ ಗೊತ್ತಿದ್ದರೆ ಒಳ್ಳೆಯದಲ್ವಾ? ಕರ್ನಾಟಕದಲ್ಲಿ ಇವಿ ಚಾರ್ಜಿಂಗ್‌ಗೆ ಬೇರೆಯೇ ದರಪಟ್ಟಿ ಇದೆ. ನಿಮ್ಮ ಮನೆಗೆ ಅದರಡಿ ಬೇರೆ ಮೀಟರ್ ಸಿಗುತ್ತದೆಯೇ, ಅದರ ಖರ್ಚೆಷ್ಟು ಅಂತ ನಿಮ್ಮ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಯಲ್ಲಿ ವಿಚಾರಿಸಿ. ಆಮೇಲೆ ಬುಕ್ ಮಾಡಿ.

ಇನ್ನು ಪ್ಲಗ್ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ.

ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಗೀಸರ್‌ಗೆ ಹಾಕುವಂಥ ದಪ್ಪ ಮೂರು ಪಿನ್ನಿನ ಪ್ಲಗ್‌ಗೆ ಹೊಂದುತ್ತದೆ. ಎಳೆಯುವುದು ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್. ಗೀಸರ್ ಉರಿಯುವುದು ಇಪ್ಪತ್ತು ನಿಮಿಷ. ಕಾರು ಎಳೆಯುವುದು ಒಂದೇ ಸಮನೆ ಐದಾರು ಗಂಟೆ, ಒಮ್ಮೊಮ್ಮೆ ಹತ್ತು ಗಂಟೆ. ಹಳೆಯ ಮನೆಯ ತೆಳು ವೈರು, ಸಡಿಲವಾದ ಸಾಕೆಟ್ಟು ಇದನ್ನು ತಾಳುವುದಿಲ್ಲ. ಪ್ಲಗ್ ತೆಗೆದಾಗ ಪಿನ್ನು ಮುಟ್ಟಲಾಗದಷ್ಟು ಬಿಸಿ ಇದ್ದರೆ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ಲೈನ್ ಎಳೆಸಿ, ಕನಿಷ್ಠ 4 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ. ಅದಕ್ಕೇ ಬೇರೆ, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಎಂಸಿಬಿ, ಶಾಕ್ ತಡೆಯುವ ಆರ್‌ಸಿಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಬೇಡವೇ ಬೇಡ.

ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತದೆ. ಊರಿನ ಮನೆಗೆ ಹೋದಾಗ ಇದು ಮಾಮೂಲು. ಟಿವಿ, ಫ್ರಿಜ್ ಎಲ್ಲ ನಡೆಯುತ್ತಿರುತ್ತದೆ, ಕಾರು ಮಾತ್ರ ಒಲ್ಲೆ ಅನ್ನುತ್ತದೆ. ಆಗ ಕಾರು ಕೆಟ್ಟಿದೆ ಎಂದು ಬೈಯಬೇಡಿ. ಮನೆಯಲ್ಲಿ ಅರ್ಥಿಂಗ್ ಇಲ್ಲ ಅಂತ ಕಾರು ಹೇಳುತ್ತಿದೆ, ಅದು ಮನೆಯವರಿಗೂ ಅಪಾಯವೇ. ಅರ್ಥಿಂಗ್ ಇಲ್ಲದ ಕಡೆ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವೈರು ಸೇರಿಸಿ ಚಾರ್ಜರ್‌ನ ಕಣ್ಣು ತಪ್ಪಿಸುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ದಯವಿಟ್ಟು ಒಪ್ಪಬೇಡಿ. ಎಲ್ಲೋ ನ್ಯೂಟ್ರಲ್ ವೈರು ಕಡಿದರೆ ಕಾರಿನ ಇಡೀ ಮೈಗೆ ಕರೆಂಟು ಬರುತ್ತದೆ. ಮಕ್ಕಳು ಬಾಗಿಲು ಮುಟ್ಟುವ ವಸ್ತು ಅದು.

ಗೋಡೆಗೆ ಹಾಕಿಸುವ 7.2 ಕಿಲೋವ್ಯಾಟ್ ಚಾರ್ಜರ್, ಅಂದರೆ ಗಂಟೆಗೆ ಏಳು ಯೂನಿಟ್ ಎಳೆಯುವಂಥದ್ದು, ಬೇಕೇ ಬೇಕಾ? ಹೆಚ್ಚಿನವರಿಗೆ ಬೇಡ. ದಿನಕ್ಕೆ 40 ಕಿಲೋಮೀಟರ್ ಓಡಿಸುವವರಿಗೆ ಬೇಕಿರುವುದು 6 ಯೂನಿಟ್. ಸಾದಾ ಪ್ಲಗ್‌ನಲ್ಲಿ ಅದು ಎರಡೂವರೆ ಗಂಟೆಯ ಕೆಲಸ. ದೊಡ್ಡ ಚಾರ್ಜರ್ ಅಂದರೆ ಮನೆಗೆ ಮಂಜೂರಾದ ಲೋಡ್ ಏರಿಸಬೇಕು, ಏರಿಸಿದ ಪ್ರತಿ ಕಿಲೋವ್ಯಾಟ್‌ಗೂ ತಿಂಗಳಾ ತಿಂಗಳಾ ಫಿಕ್ಸೆಡ್ ಚಾರ್ಜ್ ಕಟ್ಟಬೇಕು. ದೊಡ್ಡ ಬ್ಯಾಟರಿಯ ಕಾರಿಟ್ಟುಕೊಂಡು ದಿನಾ 150 ಕಿಲೋಮೀಟರ್ ಓಡಿಸುವವರಿಗೆ ಅದು ಸರಿ.

ಸ್ವಂತ ಮನೆ, ಗೇಟಿನೊಳಗೆ ಜಾಗ ಇರುವವರ ಕಥೆ ಇಲ್ಲಿಗೆ ಸಲೀಸು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನವರದ್ದೂ ಬಾಡಿಗೆಯವರದ್ದೂ ಬೇರೆಯೇ ಕಥೆ.

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಇವಿ ಮಾತು ಬಂದಾಗ ಎರಡು ಭಯ ಎದ್ದು ನಿಲ್ಲುತ್ತವೆ. ಒಂದು, ಬೆಂಕಿ. ಎರಡು, "ನಮ್ಮ ಟ್ರಾನ್ಸ್‌ಫಾರ್ಮರ್ ತಡೆಯಲ್ಲ." ಎರಡನೆಯದನ್ನು ಲೆಕ್ಕ ಹಾಕಿಯೇ ನೋಡಬಹುದು. 100 ಮನೆಯ ಕಟ್ಟಡದಲ್ಲಿ 20 ಎಲೆಕ್ಟ್ರಿಕ್ ಕಾರು ಇವೆ ಎಂದುಕೊಳ್ಳಿ. ಎಲ್ಲರೂ ಒಟ್ಟಿಗೆ ಪ್ಲಗ್ ಹಾಕಿದರೆ 60 ಕಿಲೋವ್ಯಾಟ್. ಆದರೆ ಒಂದೊಂದು ಕಾರಿಗೆ ದಿನಕ್ಕೆ ಬೇಕಿರುವುದು 6 ಯೂನಿಟ್, ಎಲ್ಲ ಸೇರಿ 120 ಯೂನಿಟ್. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹಂಚಿದರೆ ಬರೀ 15 ಕಿಲೋವ್ಯಾಟ್. ಅದೇ ಕಟ್ಟಡದಲ್ಲಿ ಬೆಳಗ್ಗೆ ಆರೂವರೆಗೆ ಅರ್ಧದಷ್ಟು ಮನೆಯ ಗೀಸರ್‌ಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಒಂದು ಗೀಸರ್‌ಗೆ 2 ಕಿಲೋವ್ಯಾಟ್ ಅಂದರೂ 100 ಕಿಲೋವ್ಯಾಟ್ ಆಯಿತು. ಅದನ್ನು ತಡೆಯುವ ಟ್ರಾನ್ಸ್‌ಫಾರ್ಮರ್ ಎಲ್ಲರೂ ಮಲಗಿದ ಹೊತ್ತಿನ 15 ಕಿಲೋವ್ಯಾಟ್ ತಡೆಯುವುದಿಲ್ಲವೇ? ಬೇಕಿರುವುದು ಒಂದು ಸಮಯದ ಪಟ್ಟಿ, ಇಲ್ಲವೇ ಲೋಡನ್ನು ತಾನೇ ಹಂಚುವ ಚಾರ್ಜರ್‌ಗಳು.

ಬೆಂಕಿಯ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 2022ರ ಬೇಸಿಗೆಯಲ್ಲಿ ಸಾಲುಸಾಲಾಗಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದದ್ದನ್ನು ಎಲ್ಲರೂ ನೋಡಿದ್ದೇವೆ. ಈಗ ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಕಾರುಗಳಲ್ಲಿರುವುದು ಎಲ್‌ಎಫ್‌ಪಿ ಬ್ಯಾಟರಿ, ಅಂದರೆ ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿದ್ದು. ನಿಕಲ್ ಬಳಸಿದ ಬ್ಯಾಟರಿಗಿಂತ ಅದು ಬಿಸಿಯನ್ನು ಹೆಚ್ಚು ತಾಳುತ್ತದೆ. ನನಗೆ ಜಾಸ್ತಿ ಭಯವಿರುವುದು ಕಾರಿಗಿಂತ ವೈರಿಂಗ್ ಮೇಲೆ. ಸಂಘ ಅನುಮತಿ ಕೊಡದಿದ್ದಾಗ ಜನ ಮೂರನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ವೈರು ಇಳಿಬಿಟ್ಟು ಚಾರ್ಜ್ ಮಾಡುತ್ತಾರೆ. ಬೆಂಕಿಗೆ ಹೆದರಿ ಬೇಡ ಅಂದ ಸಂಘವೇ ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಒಳ್ಳೆಯ ವೈರಿಂಗ್, ಎಂಸಿಬಿ, ಬೇಸ್‌ಮೆಂಟಿನಲ್ಲಿ ಗಾಳಿಯಾಡುವ ವ್ಯವಸ್ಥೆ, ಹೊಗೆ ಕಂಡರೆ ಕೂಗುವ ಅಲಾರಂ, ಇವುಗಳನ್ನು ಕೇಳಿ ಅನುಮತಿ ಕೊಡುವುದು ಸರಿಯಾದ ದಾರಿ.

ನಿಯಮಗಳೂ ಕಾರು ಮಾಲೀಕರ ಪರವಾಗಿ ನಿಧಾನವಾಗಿ ವಾಲುತ್ತಿವೆ. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ನಿಯಮಗಳಿಗೆ ತಿದ್ದುಪಡಿಯಾಗಿ, ಹೊಸ ಕಟ್ಟಡಗಳಲ್ಲಿ ಪಾರ್ಕಿಂಗ್‌ನ ಶೇಕಡಾ 20ರಷ್ಟು ಜಾಗಕ್ಕೆ ಇವಿ ಚಾರ್ಜಿಂಗ್ ವ್ಯವಸ್ಥೆ ಇರಬೇಕು ಎಂದಾಯಿತು. 2024ರ ಫೆಬ್ರುವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೂ ತಿದ್ದುಪಡಿ ಬಂತು. ಅದರ ಪ್ರಕಾರ ಇವಿ ಚಾರ್ಜಿಂಗ್‌ಗೆಂದೇ ಬೇರೆ ಸಂಪರ್ಕ ಕೇಳಬಹುದು. ಕಾಗದದ ಮೇಲೆ ಇಷ್ಟಿದೆ. ಬೇಸ್‌ಮೆಂಟಿಗೆ ಅದನ್ನು ಇಳಿಸುವವರು ಮಾತ್ರ ಸಂಘದ ಪದಾಧಿಕಾರಿಗಳು ಮತ್ತು ಎಸ್ಕಾಂನ ಸೆಕ್ಷನ್ ಆಫೀಸಿನವರು. ಅವರ ಜೊತೆ ಕೂತು ಮಾತಾಡದೆ ಕೆಲಸ ಆಗುವುದಿಲ್ಲ.

ರಸ್ತೆಗೆ ಬರೋಣ. ಕಂಪನಿ ಹೇಳುವ ಕಿಲೋಮೀಟರ್ ಪರೀಕ್ಷಾ ಕೊಠಡಿಯದು. 2020ರಲ್ಲಿ ಬಂದ ಮೊದಲ ಟಾಟಾ ನೆಕ್ಸಾನ್ ಇವಿಗೆ ಸರ್ಟಿಫಿಕೇಟಿನಲ್ಲಿ 312 ಇತ್ತು. ರಸ್ತೆ ಮೇಲೆ ಜನರಿಗೆ ಸಿಕ್ಕಿದ್ದು 200ರ ಆಸುಪಾಸು. ಸರ್ಟಿಫಿಕೇಟಿನ ಮೂರನೇ ಎರಡು ಭಾಗ ಎಂದು ಹಿಡಿದರೆ ಬೇಸರವಾಗುವುದಿಲ್ಲ. ಊರೊಳಗಿನ ಟ್ರಾಫಿಕ್ ಎಲೆಕ್ಟ್ರಿಕ್ ಕಾರಿಗೆ ಕಷ್ಟವೇ ಅಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಒಂದು ಗಂಟೆ ಸಿಕ್ಕಿಕೊಂಡರೂ ಎಸಿಗೆ ಹೋಗುವುದು ಒಂದು, ಒಂದೂವರೆ ಯೂನಿಟ್ ಅಷ್ಟೇ. ಕಾರು ಸುಸ್ತಾಗುವುದು ಖಾಲಿ ಹೈವೇಯಲ್ಲಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಪೆಟ್ರೋಲ್ ಕಾರಿಗೂ ಇದೇ ನಿಯಮ, ಆದರೆ ಅಲ್ಲಿ ಯಾರೂ ಲೆಕ್ಕ ಇಡುವುದಿಲ್ಲ.

ಘಾಟಿಯ ವಿಷಯಕ್ಕೆ ಜನ ಸುಮ್ನೆ ಹೆದರುತ್ತಾರೆ. ಮಂಗಳೂರಿನಿಂದ ಬೆಂಗಳೂರಿಗೆ ವಾಪಸ್ ಬರುವಾಗ ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಹತ್ತುತ್ತೀರಿ, ಹತ್ತಿರ ಹತ್ತಿರ 800 ಮೀಟರ್ ಏರಿಕೆ. ಜನ, ಸಾಮಾನು ಸೇರಿ ಕಾರು 1,700 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾಗುವುದು 3.7 ಯೂನಿಟ್, ಮೋಟರಿನಲ್ಲಿ ಪೋಲಾಗುವುದೂ ಸೇರಿ ನಾಲ್ಕೂವರೆ. ಸಾದಾ ರಸ್ತೆಗೆ ಬೇಕಾಗುವುದರ ಮೇಲೆ ಇಷ್ಟು, ಅಂದರೆ ಸುಮಾರು 30 ಕಿಲೋಮೀಟರ್ ಓಡಾಟದಷ್ಟು. ಇಳಿಯುವಾಗ ಬ್ರೇಕಿನ ಬದಲು ಮೋಟರೇ ಕಾರನ್ನು ಹಿಡಿದು ನಿಲ್ಲಿಸಿ, ಇದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಹಾಗಾಗಿ ಹೋಗುವಾಗ ಹಾಸನದಲ್ಲಿ ಒಂದು ಸಲ ಊಟಕ್ಕೆ ನಿಂತರೆ ಸಾಕು. ಬರುವಾಗ ಮಾತ್ರ ಮಂಗಳೂರಿನಲ್ಲೇ ರಾತ್ರಿ ಪೂರ್ತಿ ತುಂಬಿಸಿಕೊಂಡು ಹೊರಡಿ.

ಹೈವೇ ಚಾರ್ಜರ್‌ಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ವಾಲೆಟ್, ಅದರಲ್ಲಿ ಮೊದಲೇ ದುಡ್ಡು ಹಾಕಿಡಬೇಕು. ಒಮ್ಮೆ ಸಂಜೆ ಮಳೆಯಲ್ಲಿ ಮೇಲೆ ಸೂರೂ ಇಲ್ಲದ ಜಾಗದಲ್ಲಿ, ಕೈಯಲ್ಲಿ ಭಾರದ ಗನ್ (ಕಾರಿಗೆ ಚುಚ್ಚುವ ಚಾರ್ಜರ್ ಹಿಡಿ) ಹಿಡಿದು ನಿಂತಾಗ ವಾಲೆಟ್‌ನಿಂದ ದುಡ್ಡು ಕಟ್ಟಾಯಿತು, ಚಾರ್ಜ್ ಮಾತ್ರ ಶುರುವಾಗಲಿಲ್ಲ. ಸಹಾಯವಾಣಿಯವರು "ಇನ್ನೊಂದು ಸಲ ಟ್ರೈ ಮಾಡಿ ಸರ್" ಅನ್ನುವುದನ್ನೇ ಹೇಳುತ್ತಿದ್ದರು. ಆಗ ಜೊತೆಯಲ್ಲಿ ವಯಸ್ಸಾದವರಿದ್ದರೆ ಎಷ್ಟು ಕಷ್ಟ ಯೋಚಿಸಿ. ಮ್ಯಾಪಿನಲ್ಲಿ ಹಸಿರು ಚುಕ್ಕೆ ಇದ್ದರೆ ನಂಬಬೇಡಿ. ಅಲ್ಲಿ ಇತ್ತೀಚೆಗೆ ಯಾರಾದರೂ ಚಾರ್ಜ್ ಮಾಡಿದ್ದಾರಾ ನೋಡಿ, ಬ್ಯಾಟರಿ ಶೇಕಡಾ 30ರ ಕೆಳಗೆ ಇಳಿಯುವ ಮುಂಚೆಯೇ ನಿಲ್ಲಿಸಿ, ಹತ್ತಿರದಲ್ಲಿ ಇನ್ನೊಂದು ಇದೆಯಾ ಗೊತ್ತುಮಾಡಿಕೊಳ್ಳಿ. 60 ಕಿಲೋವ್ಯಾಟ್ ಎಂದು ಬರೆದಿರುವ ಚಾರ್ಜರ್‌ಗೆ ಎರಡು ಗನ್ ಇದ್ದು ಪಕ್ಕದಲ್ಲಿ ಇನ್ನೊಂದು ಕಾರು ನಿಂತಿದ್ದರೆ ನಿಮಗೆ 30 ಸಿಗಬಹುದು. ಬ್ಯಾಟರಿ ಶೇಕಡಾ 80 ತುಂಬಿದ ಮೇಲೆ ಚಾರ್ಜ್ ಆಗುವ ವೇಗ ತಾನಾಗಿ ಇಳಿಯುತ್ತದೆ. ಹಿಂದೆ ಇನ್ನೊಬ್ಬರು ಕಾಯುತ್ತಿದ್ದರೆ 80ಕ್ಕೆ ತೆಗೆದು ಹೊರಡುವುದೇ ಮರ್ಯಾದೆ.

ಬ್ಯಾಟರಿ ಸವೆಯುತ್ತದಾ? ಸವೆಯುತ್ತದೆ, ಆದರೆ ಫೋನಿನ ಬ್ಯಾಟರಿಯಂತೆ ಎರಡು ವರ್ಷಕ್ಕೆ ಸುಸ್ತಾಗುವುದಿಲ್ಲ. ಹಲವು ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತವೆ. ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ. ಬ್ಯಾಟರಿಗೆ ಆಗದ್ದು ಬಿಸಿ. ರಾಯಚೂರು, ಕಲಬುರಗಿಯ 40 ಡಿಗ್ರಿ ದಾಟುವ ಬಿಸಿಲಲ್ಲಿ ಪೂರ್ತಿ ತುಂಬಿಸಿ ಮಧ್ಯಾಹ್ನವೆಲ್ಲ ಬಯಲಲ್ಲಿ ನಿಲ್ಲಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ನೆರಳು ಹುಡುಕಿ. ದಿನಾ ಫಾಸ್ಟ್ ಚಾರ್ಜರ್‌ಗೇ ಹೋಗುವುದೂ ಒಳ್ಳೆಯದಲ್ಲ. ಇಲ್ಲೂ ಮನೆಯ ನಿಧಾನದ ಪ್ಲಗ್ಗೇ ವಾಸಿ. ಎಲ್‌ಎಫ್‌ಪಿ ಬ್ಯಾಟರಿಯನ್ನು ಆಗಾಗ 100ರವರೆಗೆ ನಿಧಾನವಾಗಿ ತುಂಬಿಸಬೇಕು, ಇಲ್ಲದಿದ್ದರೆ ಮೀಟರ್ ತೋರಿಸುವ ಶೇಕಡಾವಾರು ತಪ್ಪಾಗುತ್ತದೆ. ಎಷ್ಟು ದಿನಕ್ಕೊಮ್ಮೆ ಎಂದು ಕಾರಿನ ಪುಸ್ತಕದಲ್ಲೇ ಇರುತ್ತದೆ.

ದೊಡ್ಡ ಬ್ಯಾಟರಿ ಬಗ್ಗೆ ಚಿಂತೆ ಮಾಡುವವರು ಚಿಕ್ಕದನ್ನು ಮರೆಯುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲೂ ಮಾಮೂಲಿ 12 ವೋಲ್ಟ್ ಬ್ಯಾಟರಿ ಒಂದಿದೆ. ಬಾಗಿಲ ಲಾಕು, ಪರದೆ, ಕಂಪ್ಯೂಟರು ಏಳುವುದು ಅದರಿಂದಲೇ. ಅದು ಸತ್ತರೆ ದೊಡ್ಡ ಬ್ಯಾಟರಿಯಲ್ಲಿ ಶೇಕಡಾ 90 ಇದ್ದರೂ ಕಾರು ಜಪ್ಪಯ್ಯ ಅಂದರೂ ಏಳುವುದಿಲ್ಲ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಅದರ ಬಗ್ಗೆ ಸರ್ವೀಸ್‌ನವರನ್ನು ಕೇಳಿಟ್ಟುಕೊಳ್ಳಿ.

ಸರ್ವೀಸ್ ಖರ್ಚು ಕಡಿಮೆ, ಆಯಿಲ್ ಇಲ್ಲ, ಕ್ಲಚ್ ಇಲ್ಲ. ಟೈರು ಮಾತ್ರ ಬೇಗ ಸವೆಯಬಹುದು, ಕಾರಿನ ತೂಕ ಜಾಸ್ತಿ. ಥರ್ಡ್ ಪಾರ್ಟಿ ವಿಮೆಯಲ್ಲಿ 2022ರಿಂದ ಶೇಕಡಾ 15 ರಿಯಾಯಿತಿ ಇದೆ, ಆದರೆ ಕಾರಿನ ಬೆಲೆಯೇ ಜಾಸ್ತಿ ಇರುವುದರಿಂದ ಒಟ್ಟು ಪ್ರೀಮಿಯಂ ಅಷ್ಟೇನೂ ಇಳಿಯುವುದಿಲ್ಲ. ರಸ್ತೆ ತೆರಿಗೆಯ ವಿನಾಯಿತಿ 2016ರಿಂದ ಇತ್ತು. 2024ರಲ್ಲಿ 25 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಕಾರಿಗೆ ಶೇಕಡಾ 10 ಹಾಕಿದರು. ಇವತ್ತಿನ ದರವನ್ನು ಆರ್‌ಟಿಒದಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಪರಿಸರದ ಲೆಕ್ಕವೂ ಪಾರ್ಕಿಂಗ್‌ಗೇ ಬಂದು ನಿಲ್ಲುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕರೆಂಟು ಕೊಡುವುದು ಹಗಲಿನಲ್ಲಿ. ನಮ್ಮ ಕಾರುಗಳು ಚಾರ್ಜ್ ಆಗುವುದು ರಾತ್ರಿ, ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರಿಯುವ ಹೊತ್ತಿಗೆ. ಹಾಗಿದ್ದರೂ ಪೆಟ್ರೋಲ್ ಕಾರಿಗಿಂತ ಹೊಗೆ ಕಡಿಮೆಯೇ. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ಹಗಲಿಡೀ ಸುಮ್ಮನೆ ನಿಂತಿರುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿಯ ಕಟ್ಟಡಗಳಲ್ಲಿ ನಾಲ್ಕು ಫಾಸ್ಟ್ ಚಾರ್ಜರ್ ಹಾಕುವ ದುಡ್ಡಿನಲ್ಲಿ ನೂರಾರು ಸಾದಾ ಪ್ಲಗ್ ಹಾಕಬಹುದು. ಎಂಟು ಗಂಟೆ ನಿಲ್ಲುವ ಕಾರಿಗೆ ವೇಗ ಯಾಕೆ ಬೇಕು?

ಸರ್ಕಾರದ ಗಮನ ಹೈವೇಯ ದೊಡ್ಡ ಚಾರ್ಜರ್‌ಗಳ ಮೇಲಿದೆ. ಅವೂ ಬೇಕು, ಮುಖ್ಯವಾಗಿ ಬೆಂಗಳೂರಿನ ಆಚೆಗೆ. ಆದರೆ ಬಾಡಿಗೆ ಮನೆಯವರಿಗೆ ಅದರಿಂದ ದಿನನಿತ್ಯದ ಉಪಕಾರ ಏನೂ ಇಲ್ಲ. ಅವರಿಗೆ ಈಗಲೇ ಆಗಬಹುದಾದ ಕೆಲಸ ಒಂದಿದೆ. ಮನೆ ಮಾಲೀಕರು ಒಪ್ಪದಿರುವುದಕ್ಕೆ ಕಾರಣ ಬಹಳ ಸಲ ಬಿಲ್ಲಿನ ಗೊಂದಲ ಮಾತ್ರ. ಪಾರ್ಕಿಂಗ್ ಲೈನಿಗೆ ಒಂದು ಸಬ್‌ಮೀಟರ್ ಹಾಕಿಸುವ ಮಾತು ಕರಾರು ಪತ್ರದಲ್ಲೇ ಬರೆಸಿ. ವೈರಿಂಗ್ ಖರ್ಚು ನಿಮ್ಮದು, ತಿಂಗಳ ಯೂನಿಟ್‌ಗೆ ಇಷ್ಟು ದುಡ್ಡು, ಮನೆ ಬಿಡುವಾಗ ಸಾಕೆಟ್ಟು ಮಾಲೀಕರಿಗೇ. ನಿಮ್ಮ ಮನೆಗೆ ಬೇರೆ ಮೀಟರ್ ಇದ್ದರೆ ಲೈನನ್ನು ಅದರಿಂದಲೇ ಎಳೆಸಿ, ಆಗ ಸಬ್‌ಮೀಟರೂ ಬೇಡ, ಮಾಲೀಕರ ಗೃಹಜ್ಯೋತಿಗೂ ಪೆಟ್ಟು ಬೀಳುವುದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆಯೇ ಈ ಮಾತು ಮುಗಿಸಿಕೊಳ್ಳಿ. ಆಮೇಲೆ ಕೇಳಿದರೆ ಆಗುವುದಿಲ್ಲ.